25ನೇ ನಂಬರಿನ ಜಾಗ

ಪಾರ್ಕಿನ್ಸನ್ ಕಾಯಿಲೆಯವರಿಗೆ ಖಿನ್ನತೆ ಬಂದರೆ ಅದಕ್ಕೆ ಕಾರಣ ಹುಡುಕುವ ಗೋಜಿಗೆ ಬಹಳ ಕಾಲ ಹೆಚ್ಚಿನವರು ಹೋಗಲಿಲ್ಲ. ಕೈ ನಡುಗುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ, ನಾಲ್ಕು ಜನರೆದುರು ಕಾಫಿ ಲೋಟ ಎತ್ತಲು ಸಂಕೋಚ. ಅಂಥವರ ಮನಸ್ಸು ಕುಗ್ಗದೆ ಇನ್ನೇನಾದೀತು ಎಂದು ಮನೆಯವರೂ ಹೇಳುತ್ತಿದ್ದರು, ವೈದ್ಯರೂ ಹೇಳುತ್ತಿದ್ದರು. ಲಕ್ವ ಹೊಡೆದವರ ವಿಷಯದಲ್ಲೂ ಇದೇ ಮಾತು. ಆದರೆ ಈ ಮಾತಿಗೆ ಎರಡು ತೊಡಕುಗಳಿದ್ದವು. ಪಾರ್ಕಿನ್ಸನ್ ರೋಗಿಗಳಲ್ಲಿ ಕೆಲವರಿಗೆ ಕೈ ನಡುಗಲು ಶುರುವಾಗುವುದಕ್ಕೆ ವರ್ಷಗಳ ಮೊದಲೇ ಖಿನ್ನತೆ ಬಂದಿರುತ್ತಿತ್ತು. ಇನ್ನೊಂದು, ಕಾಯಿಲೆ ಒಂದೇ ಹಂತದಲ್ಲಿದ್ದ ಇಬ್ಬರಲ್ಲಿ ಒಬ್ಬರು ಮಾತು ಬಿಟ್ಟು ಗೋಡೆ ನೋಡುತ್ತ ಕೂರುತ್ತಿದ್ದರು, ಇನ್ನೊಬ್ಬರು ಮೊಮ್ಮಕ್ಕಳ ಜೊತೆ ನಗುತ್ತಿದ್ದರು.

1980ರ ದಶಕದ ನಡುಭಾಗದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಕ್ಕೆ ಬಂದ ಹೆಲೆನ್ ಮೇಬರ್ಗ್ ಎಂಬ ತರುಣ ನರರೋಗ ತಜ್ಞೆಗೆ ಈ ತೊಡಕೇ ಕೆಲಸವಾಯಿತು. ನರರೋಗ ತಜ್ಞರು ಸಾಮಾನ್ಯವಾಗಿ ಖಿನ್ನತೆಯನ್ನು ಪಕ್ಕದ ಮನೋವೈದ್ಯರ ಕೋಣೆಗೆ ದಾಟಿಸಿ ಕೈ ತೊಳೆದುಕೊಳ್ಳುತ್ತಾರೆ. ಮೇಬರ್ಗ್ ಹಾಗೆ ಮಾಡಲಿಲ್ಲ. ಅದೇ ಸಂಸ್ಥೆಯಲ್ಲಿ ರಾಬರ್ಟ್ ರಾಬಿನ್‌ಸನ್ ಎಂಬ ಮನೋವೈದ್ಯರು ಆಗಲೇ ಪಾರ್ಶ್ವವಾಯು ರೋಗಿಗಳನ್ನು ಅಭ್ಯಾಸ ಮಾಡಿ, ಮಿದುಳಿನ ಎಡ ಮುಂಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಖಿನ್ನತೆ ಹೆಚ್ಚು ಎಂದು ವಾದಿಸುತ್ತಿದ್ದರು. ಮುಂದೆ ಬೇರೆಯವರು ಮರುಪರೀಕ್ಷೆ ಮಾಡಿದಾಗ ಆ ಲೆಕ್ಕ ನಿಲ್ಲಲಿಲ್ಲ. ಆದರೆ ಅದು ಎಬ್ಬಿಸಿದ ಪ್ರಶ್ನೆ ಉಳಿಯಿತು. ಮೇಬರ್ಗ್ ಅದನ್ನೇ ಸ್ವಲ್ಪ ತಿರುಗಿಸಿ ಕೇಳಿದರು: ಗಾಯ ಎಲ್ಲೇ ಆಗಿರಲಿ, ಖಿನ್ನತೆಗೆ ಬಿದ್ದವರೆಲ್ಲರ ಮಿದುಳಿನಲ್ಲಿ ಸಮಾನವಾಗಿ ಕಾಣುವುದು ಏನಾದರೂ ಇದೆಯೇ?

ಅವರ ಕೈಯಲ್ಲಿದ್ದ ಉಪಕರಣ ಪೆಟ್ ಸ್ಕ್ಯಾನ್. ಈಗ ಪೆಟ್ ಎಂದರೆ ನಮಗೆ ಕ್ಯಾನ್ಸರ್ ಆಸ್ಪತ್ರೆ ನೆನಪಾಗುತ್ತದೆ. ಅಲ್ಲಿ ರೋಗಿಗೆ ಚುಚ್ಚುವ ವಿಕಿರಣ ಬೆರೆತ ಸಕ್ಕರೆ ತಯಾರಾದದ್ದು ಮಾತ್ರ ಮಿದುಳಿನ ಅಧ್ಯಯನಕ್ಕಾಗಿ. 1976ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ಉಣ್ಣುತ್ತದೆ. ಹೆಚ್ಚು ದುಡಿಯುತ್ತಿರುವ ಭಾಗ ಹೆಚ್ಚು ಗ್ಲುಕೋಸ್ ಎಳೆದುಕೊಳ್ಳುತ್ತದೆ. ಆ ಗ್ಲುಕೋಸ್‌ಗೆ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣುವನ್ನು ಅಂಟಿಸಿದರೆ, ಅದು ಹೋಗಿ ಕೂತ ಜಾಗದಿಂದ ಹೊಮ್ಮುವ ಕಿರಣಗಳನ್ನು ತಲೆಯ ಸುತ್ತಲಿನ ಬಳೆಯಾಕಾರದ ಯಂತ್ರ ಹಿಡಿಯುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ, ಹಾಗಾಗಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಹತ್ತಿರದಲ್ಲೇ ಇರಬೇಕು. ಪತ್ರಿಕೆಗಳಲ್ಲಿ ಬರುವ ಕೆಂಪು, ಹಳದಿ, ನೀಲಿ ಮಿದುಳುಗಳ ಬಣ್ಣ ಕಂಪ್ಯೂಟರ್ ಬಳಿದದ್ದು. ಒಳಗೆ ದುಃಖವೂ ಕಾಣುವುದಿಲ್ಲ, ಸುಖವೂ ಕಾಣುವುದಿಲ್ಲ. ಕಾಣುವುದು ಸಕ್ಕರೆಯ ಖರ್ಚು ಮಾತ್ರ.

1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೇಬರ್ಗ್ ತಂಡ ಖಿನ್ನತೆ ಇದ್ದ ಮತ್ತು ಇಲ್ಲದ ಪಾರ್ಕಿನ್ಸನ್ ರೋಗಿಗಳನ್ನು ಹೋಲಿಸಿತು. ಖಿನ್ನತೆ ಇದ್ದವರಲ್ಲಿ ಮಿದುಳಿನ ಮುಂಭಾಗದ ಕೆಳ ಅಂಚು ಮಂಕಾಗಿತ್ತು. ಆಮೇಲೆ ಹಂಟಿಂಗ್‌ಟನ್ ಕಾಯಿಲೆಯವರನ್ನು ನೋಡಿದರು, ಮಿದುಳಿನ ಆಳದಲ್ಲಿ ಸಣ್ಣ ಪಾರ್ಶ್ವವಾಯು ಆದವರನ್ನು ನೋಡಿದರು. ಕಾಯಿಲೆಗಳು ಬೇರೆ, ಹಾನಿಯಾದ ಕ್ರಮ ಬೇರೆ. ಖಿನ್ನತೆ ಬಂದವರಲ್ಲಿ ಮಾತ್ರ ಅದೇ ಮುಂಭಾಗದ ಮಂಕು. ಬೇರೆ ಕಾಯಿಲೆ ಏನೂ ಇಲ್ಲದೆ ಬರೀ ಖಿನ್ನತೆಯಿಂದ ನರಳುವವರಲ್ಲೂ ಮುಂಭಾಗ ತಣ್ಣಗಿರುವುದನ್ನು ಬೇರೆ ಪ್ರಯೋಗಾಲಯಗಳು ವರದಿ ಮಾಡಿದ್ದವು. ಯೋಚನೆ, ಯೋಜನೆ, ಉತ್ಸಾಹಕ್ಕೆಲ್ಲ ಬೇಕಾದ ಭಾಗ ಅದು. ಮಂಕಾದ ಜಾಗವನ್ನು ಚುರುಕುಗೊಳಿಸಿದರೆ ಆಯಿತು ಎಂದು ಅನ್ನಿಸುವುದು ಸಹಜ. ಆ ಕಾಲದಲ್ಲಿ ಬಹುಪಾಲು ಸಂಶೋಧಕರ ಕಣ್ಣು ಈ ತಣ್ಣಗಿನ ಜಾಗದ ಮೇಲೇ ನೆಟ್ಟಿತ್ತು.

ಮೇಬರ್ಗ್ 1990ರ ದಶಕದಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋಗೆ ಬಂದರು. ಒಂದೇ ಬಾರಿಯ ಚಿತ್ರ ಸಾಲದು, ಚಿಕಿತ್ಸೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ ತೆಗೆದು ನೋಡಬೇಕು ಎಂಬುದು ಅವರ ಹಟ. 1997ರಲ್ಲಿ ಅವರು ಪ್ರಕಟಿಸಿದ ಪುಟ್ಟ ಪ್ರಬಂಧವೊಂದು ಈ ಇಡೀ ಕತೆಯ ಬೀಜ ಎಂದು ನನಗನ್ನಿಸುತ್ತದೆ. ಔಷಧಿಗೆ ಮುಂಚಿನ ಚಿತ್ರಗಳಲ್ಲಿ ಸಿಂಗ್ಯುಲೇಟ್ ಎಂಬ ಪಟ್ಟಿಯ ಮುಂತುದಿ ಚುರುಕಾಗಿದ್ದವರಿಗೆ ಔಷಧಿ ಫಲಿಸಿತ್ತು, ಅದೇ ಜಾಗ ಮಂಕಾಗಿದ್ದವರಿಗೆ ಫಲಿಸಲಿಲ್ಲ. ಅಂದರೆ ರೋಗ ಎಲ್ಲಿದೆ ಎಂಬುದರ ಜೊತೆಗೆ ಯಾರಿಗೆ ಯಾವ ಚಿಕಿತ್ಸೆ ಎಂಬ ಸುಳಿವನ್ನೂ ಚಿತ್ರ ಕೊಡಬಹುದು. ಖಿನ್ನತೆಯ ಚಿಕಿತ್ಸೆಯಲ್ಲಿ ರೋಗಿಯ ದೊಡ್ಡ ಕಷ್ಟ ಅದೇ ಅಲ್ಲವೇ? ಒಂದು ಮಾತ್ರೆ ಆರು ವಾರ ನುಂಗಿ ನೋಡು, ಆಗದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು.

ಔಷಧಿಯಿಂದ ಗುಣವಾದವರ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಮುಂಭಾಗ ಬೆಳಗಿತ್ತು, ಅದು ನಿರೀಕ್ಷಿತ. ಅದರ ಜೊತೆಗೆ ಕೆಳಗೆ, ಆಳದಲ್ಲಿ, ಹುಬ್ಬುಗಳ ನಡುವಿನಿಂದ ಹಿಂದಕ್ಕೆ ಗೆರೆ ಎಳೆದರೆ ಸಿಗುವ ಸಣ್ಣ ಜಾಗವೊಂದರ ಸಕ್ಕರೆ ಖರ್ಚು ಇಳಿದಿತ್ತು. ಗುಣವಾಗದವರಲ್ಲಿ ಅದು ಇಳಿದಿರಲಿಲ್ಲ. ಆ ಜಾಗಕ್ಕೆ ಒಂದು ನಂಬರು ಮಾತ್ರ ಇತ್ತು. ಜರ್ಮನಿಯ ಕಾರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಮಿದುಳಿನ ಹೊರಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೋಶಗಳ ಜೋಡಣೆ ಬದಲಾದ ಕಡೆಯೆಲ್ಲ ಗಡಿ ಹಾಕಿ, ಸರ್ವೆ ನಂಬರು ಕೊಟ್ಟಿದ್ದರು. ದೃಷ್ಟಿಗೆ 17, ಕೈಕಾಲಿನ ಚಲನೆಗೆ 4. ಎರಡು ಅರೆಗೋಳಗಳನ್ನು ಸೇರಿಸುವ ನಾರಿನ ಸೇತುವೆ ಮುಂದೆ ಬಾಗುವಲ್ಲಿ, ಆ ಬಾಗಿನ ಕೆಳಗೆ ಇರುವುದು 25.

ಇದು ಔಷಧಿಯ ಪರಿಣಾಮವೋ ದುಃಖದ ಗುರುತೋ? ಅದನ್ನು ತಿಳಿಯಲು ಮಾಡಿದ ಪ್ರಯೋಗ ಸೊಗಸಾಗಿದೆ. ಯಾವ ಕಾಯಿಲೆಯೂ ಇಲ್ಲದ ಸ್ವಯಂಸೇವಕರನ್ನು ಕರೆದರು. ಅವರವರ ಬದುಕಿನಲ್ಲಿ ನಡೆದ ತೀರ ದುಃಖದ ಘಟನೆಯನ್ನು ಅವರೇ ಬರೆದುಕೊಳ್ಳಬೇಕು. ಯಂತ್ರದೊಳಗೆ ಮಲಗಿದಾಗ ಅದನ್ನು ನೆನೆದು, ದುಃಖ ಉಕ್ಕುವವರೆಗೆ ಅದರಲ್ಲೇ ಇರಬೇಕು. ಆ ಹೊತ್ತಿಗೆ ವಿಕಿರಣಶೀಲ ಆಮ್ಲಜನಕವಿರುವ ನೀರನ್ನು ರಕ್ತನಾಳಕ್ಕೆ ಬಿಟ್ಟು ಚಿತ್ರ ತೆಗೆಯಬೇಕು. ಆ ಆಮ್ಲಜನಕದ ಅರ್ಧಾಯುಷ್ಯ ಎರಡೇ ನಿಮಿಷ, ತಪ್ಪಿದರೆ ತಪ್ಪಿತು. ಕೃತಕ ಸಿನಿಮಾ ತುಣುಕು ತೋರಿಸಿ ಅಳಿಸುವ ಬದಲು ಸ್ವಂತ ನೆನಪನ್ನೇ ಕೆದಕಿದ್ದು ಈ ಪ್ರಯೋಗದ ಜಾಣ್ಮೆ ಎಂದು ನಾನು ಭಾವಿಸುತ್ತೇನೆ, ಸ್ವಲ್ಪ ಕ್ರೌರ್ಯವೂ ಅದರಲ್ಲಿದೆ.

ದುಃಖ ಏರಿದಾಗ 25ಕ್ಕೆ ರಕ್ತ ನುಗ್ಗಿತು, ಮುಂಭಾಗದ ಬಲಮೇಲಿನ ಪ್ರದೇಶದಲ್ಲಿ ರಕ್ತ ಇಳಿಯಿತು. ಖಿನ್ನತೆಯಿಂದ ಗುಣವಾದವರಲ್ಲಿ ನಡೆದದ್ದು ಇದರ ಸರಿಯಾದ ವಿರುದ್ಧ: ಮುಂಭಾಗ ಏರಿ 25 ಇಳಿದಿತ್ತು. 1999ರಲ್ಲಿ ಎರಡನ್ನೂ ಒಂದೇ ಪ್ರಬಂಧದಲ್ಲಿ ಇಟ್ಟರು. ಎಲ್ಲರ ದುಃಖದಲ್ಲೂ ಈ ಏರಿಳಿತವಿದೆ, ಆರೋಗ್ಯವಂತರಲ್ಲಿ ಅದು ಮರಳಿ ಸಮಕ್ಕೆ ಬರುತ್ತದೆ, ಖಿನ್ನತೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ ಎಂಬುದು ಅವರ ತರ್ಕ. ದುಃಖದಲ್ಲಿದ್ದವನಿಗೆ ಲೆಕ್ಕ ತಲೆಗೆ ಹತ್ತದಿರುವುದು, ಒಂದು ಪುಟ ಓದಲಾಗದಿರುವುದು ಯಾಕೆ ಎಂಬುದಕ್ಕೂ ಇಲ್ಲಿ ಒಂದು ವಿವರಣೆ ಸಿಕ್ಕಿತು.

ಎಲ್ಲರೂ ಒಪ್ಪಿದರು ಎಂದೇನಲ್ಲ. 1997ರಲ್ಲೇ ವೇಯ್ನ್ ಡ್ರೆವೆಟ್ಸ್ ಮತ್ತು ಸಂಗಡಿಗರು ಹೆಚ್ಚುಕಡಿಮೆ ಇದೇ ಜಾಗ ಖಿನ್ನತೆಯಲ್ಲಿ ಮಂಕಾಗಿದೆ, ಗಾತ್ರದಲ್ಲೂ ಕುಗ್ಗಿದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಒಬ್ಬರು ಬಿಸಿ ಎನ್ನುತ್ತಾರೆ, ಇನ್ನೊಬ್ಬರು ತಂಪು ಎನ್ನುತ್ತಾರೆ. ಕುಗ್ಗಿದ ಅಂಗಾಂಶದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಉಳಿದ ಭಾಗ ಹೆಚ್ಚು ದುಡಿಯುತ್ತಿದೆ ಎಂಬ ಸಮಾಧಾನ ಆಮೇಲೆ ಬಂತು. ಪೆಟ್ ಚಿತ್ರದ ಒಂದು ಚುಕ್ಕೆ ಎಷ್ಟು ದಪ್ಪ, ಅದರಲ್ಲಿ ಎಷ್ಟು ಅಂಗಾಂಶ, ಎಷ್ಟು ಬರಿ ದ್ರವ ಎಂಬ ಲೆಕ್ಕದ ಮೇಲೆ ಒಂದು ರೋಗದ ಸಿದ್ಧಾಂತವೇ ತಲೆಕೆಳಗಾಗಬಹುದು. ಬಣ್ಣಬಣ್ಣದ ಚಿತ್ರ ನೋಡಿ ಮರುಳಾಗುವವರು ಈ ಪ್ರಸಂಗವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

2002ರಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಆಸ್ಪತ್ರೆಯಲ್ಲಿದ್ದ ಖಿನ್ನತೆಯ ರೋಗಿಗಳಲ್ಲಿ ಕೆಲವರಿಗೆ ಫ್ಲುಆಕ್ಸೆಟಿನ್ ಮಾತ್ರೆ, ಕೆಲವರಿಗೆ ಔಷಧಿಯಿಲ್ಲದ ಬರೀ ಮಾತ್ರೆ. ಆರು ವಾರದ ನಂತರ ಬರೀ ಮಾತ್ರೆಯಿಂದ ಚೇತರಿಸಿಕೊಂಡವರಲ್ಲೂ 25 ತಣ್ಣಗಾಗಿತ್ತು, ಮುಂಭಾಗ ಬೆಳಗಿತ್ತು. ನಿಜವಾದ ಔಷಧಿ ತೆಗೆದುಕೊಂಡವರಲ್ಲಿ ಇದರ ಮೇಲೆ ಮಿದುಳುಕಾಂಡದಲ್ಲೂ ಇನ್ನು ಕೆಲವು ಆಳದ ಜಾಗಗಳಲ್ಲೂ ಬದಲಾವಣೆಗಳಿದ್ದವು. ಹಾಗಾದರೆ 25 ಔಷಧಿಯ ಗುರುತಲ್ಲ, ಚೇತರಿಕೆಯ ಗುರುತು. ಈ ವಾಕ್ಯ ಬರೆಯುವುದು ಸುಲಭ. ಆದರೆ ಟೊರಾಂಟೊದಲ್ಲಿ ಮನಶ್ಶಾಸ್ತ್ರಜ್ಞ ಝಿಂಡೆಲ್ ಸೀಗಲ್ ಮೊದಲಾದವರ ಜೊತೆ ಆಪ್ತಸಮಾಲೋಚನೆಯಿಂದ, ಅಂದರೆ ಯೋಚನೆಯ ರೀತಿಯನ್ನು ತಿದ್ದುವ ಮಾತಿನ ಚಿಕಿತ್ಸೆಯಿಂದ ಗುಣವಾದವರನ್ನು ನೋಡಿದಾಗ ಚಿತ್ರ ಬೇರೆಯಿತ್ತು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮುಂಭಾಗದ ಚಟುವಟಿಕೆ ಏರುವ ಬದಲು ಇಳಿದಿತ್ತು. ಮಾತ್ರೆ ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡುತ್ತದೆ, ಮಾತು ಮೇಲಿನಿಂದ ಕೆಳಕ್ಕೆ ಎಂದು ವಿವರಿಸಿದರು. ಒಂದೇ ಊರಿಗೆ ಎರಡು ದಾರಿ.

ಇಷ್ಟಾದರೂ ಇದೆಲ್ಲ ನೋಡುವ ಕೆಲಸವೇ. ಕೈ ಹಾಕುವ ಧೈರ್ಯ ಬಂದದ್ದು ಪಾರ್ಕಿನ್ಸನ್ ಕಾಯಿಲೆಯಿಂದಲೇ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಅಲಿಮ್-ಲೂಯಿ ಬೆನಾಬಿದ್ ಅವರು ನಡುಕದ ರೋಗಿಗಳ ಮಿದುಳಿನಾಳಕ್ಕೆ ತಂತಿ ಇಳಿಸಿ, ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಮಿಡಿಯುವ ವಿದ್ಯುತ್ ಹರಿಸಿದರೆ ನಡುಕ ನಿಲ್ಲುವುದನ್ನು ತೋರಿಸಿದರು. ಮೊದಲಾದರೆ ಆ ಜಾಗವನ್ನು ಸುಡುತ್ತಿದ್ದರು. ಸುಟ್ಟದ್ದು ಸುಟ್ಟಿತು, ವಿದ್ಯುತ್ತನ್ನಾದರೆ ನಿಲ್ಲಿಸಬಹುದು. ಡೀಪ್ ಬ್ರೇನ್ ಸ್ಟಿಮ್ಯುಲೇಶನ್, ಚುಟುಕಾಗಿ ಡಿಬಿಎಸ್, ಇಂದು ಬೆಂಗಳೂರಿನ ಆಸ್ಪತ್ರೆಗಳಲ್ಲೂ ಪಾರ್ಕಿನ್ಸನ್ ರೋಗಿಗಳಿಗೆ ಸಿಗುತ್ತದೆ. ಎದೆಯ ಚರ್ಮದಡಿ ಪೇಸ್‌ಮೇಕರ್ ತರಹದ ಡಬ್ಬಿ, ಕತ್ತಿನ ಒಳಗಿಂದ ತಂತಿ, ತಲೆಬುರುಡೆಯ ಎರಡು ರಂಧ್ರಗಳಿಂದ ಆಳಕ್ಕಿಳಿದ ಎಲೆಕ್ಟ್ರೋಡ್.

1999ರಿಂದ ಟೊರಾಂಟೊದಲ್ಲಿದ್ದ ಮೇಬರ್ಗ್‌ಗೆ ಅಲ್ಲಿನ ವೆಸ್ಟರ್ನ್ ಆಸ್ಪತ್ರೆಯಲ್ಲಿ ಡಿಬಿಎಸ್‌ನಲ್ಲಿ ಪಳಗಿದ ಆಂಡ್ರೆಸ್ ಲೊಜಾನೊ ಸಿಕ್ಕಿದರು, ಖಿನ್ನತೆಯ ರೋಗಿಗಳನ್ನು ಬಲ್ಲ ಮನೋವೈದ್ಯ ಸಿಡ್ನಿ ಕೆನಡಿ ಜೊತೆಯಾದರು. 25 ಅತಿಯಾಗಿ ಉರಿಯುತ್ತಿದ್ದರೆ, ಮಾತ್ರೆಯೂ ಮಾತೂ ಅದನ್ನು ತಣಿಸಲಾರದೆ ಹೋದರೆ, ತಂತಿ ಇಳಿಸಿ ತಣಿಸಬಹುದೇ? ಕೇಳಿದರೆ ಮೈ ಜುಮ್ಮೆನ್ನುವ ಪ್ರಶ್ನೆ. ಮನಸ್ಸಿನ ಕಾಯಿಲೆಗೆ ಮಿದುಳು ಕೊಯ್ಯುವ ಹಿಂದಿನ ಪ್ರಯತ್ನದ ಕೊಳೆ ಇನ್ನೂ ತೊಳೆದಿರಲಿಲ್ಲ. ಪೋರ್ಚುಗಲ್‌ನ ಎಗಾಸ್ ಮೊನಿಜ್‌ಗೆ ಲೋಬೋಟಮಿಗಾಗಿ 1949ರ ನೊಬೆಲ್ ಪ್ರಶಸ್ತಿ ಬಂತು. ಅಮೆರಿಕದ ವಾಲ್ಟರ್ ಫ್ರೀಮನ್ ಕಣ್ಣುಗೂಡಿನ ಮೂಲಕ ಸಲಾಕೆ ತೂರಿಸಿ ಸಾವಿರಾರು ಜನರ ಮಿದುಳಿನ ಮುಂಭಾಗವನ್ನು ಹಾಳುಗೆಡವಿದರು. ಯಾವ ಜಾಗ, ಯಾಕೆ ಎಂಬುದಕ್ಕೆ ಅವರಲ್ಲಿ ಆಧಾರವಿರಲಿಲ್ಲ. ಈ ಸಲ ಹತ್ತು ಹದಿನೈದು ವರ್ಷ ಕೂಡಿಸಿಟ್ಟ ಚಿತ್ರಗಳಿದ್ದವು. ನನ್ನ ಮಟ್ಟಿಗೆ ಎರಡರ ನಡುವಿನ ವ್ಯತ್ಯಾಸ ಇದೇ, ಯಂತ್ರದ ನಯನಾಜೂಕಲ್ಲ.

ಆರು ಮಂದಿಯನ್ನು ಆರಿಸಿದರು. ಕನಿಷ್ಠ ನಾಲ್ಕು ಬಗೆಯ ಚಿಕಿತ್ಸೆ ಸೋತವರು ಮಾತ್ರ. ಕರೆಂಟ್ ಟ್ರೀಟ್‌ಮೆಂಟ್ ಎಂದು ನಮ್ಮಲ್ಲಿ ಕರೆಯುವ ಇಸಿಟಿಯೂ ಅದರಲ್ಲಿ ಒಂದು. ಶಸ್ತ್ರಚಿಕಿತ್ಸೆ ನಡೆಯುವಾಗ ರೋಗಿ ಎಚ್ಚರವಾಗಿರುತ್ತಾರೆ. ಮಿದುಳಿಗೆ ನೋವಿನ ಅರಿವಿಲ್ಲ, ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ಸಾಕು. ಎಲೆಕ್ಟ್ರೋಡಿನಲ್ಲಿ ನಾಲ್ಕು ಸಂಪರ್ಕ ಬಿಂದುಗಳು. ಒಂದೊಂದಕ್ಕೂ ವಿದ್ಯುತ್ ಕೊಟ್ಟು, ಏನಾದರೂ ಬದಲಾವಣೆ ಅನ್ನಿಸುತ್ತಿದೆಯೇ ಎಂದು ಕೇಳಬೇಕು. ಮೇಬರ್ಗ್‌ಗೆ ಅಲ್ಲಿ ದೊಡ್ಡ ನಿರೀಕ್ಷೆಯೇನೂ ಇರಲಿಲ್ಲ. ಪರಿಣಾಮ ಬಂದರೂ ವಾರಗಳು ಹಿಡಿಯಬಹುದು, ಕೋಣೆಯಲ್ಲಿ ಅಪಾಯ ಆಗದಿದ್ದರೆ ಸಾಕು ಎಂಬ ಲೆಕ್ಕ.

ಒಂದು ನಿರ್ದಿಷ್ಟ ಬಿಂದುವಿಗೆ ವಿದ್ಯುತ್ ಹರಿದ ಕೂಡಲೇ ರೋಗಿಗಳು ತಾವಾಗಿಯೇ ಮಾತಾಡಿದರು. ಒಮ್ಮೆಲೇ ಹಗುರವಾಯಿತು ಎಂದರು. ಒಳಗಿನ ಶೂನ್ಯ ಸರಿದುಹೋಯಿತು ಎಂದರು. ಕೋಣೆ ಬೆಳಕಾದಂತೆ, ಬಣ್ಣಗಳು ಗಾಢವಾದಂತೆ ಕಂಡಿತು ಎಂದವರೂ ಇದ್ದರು. ರೋಗಿಗಳಿಗೆ ಹೇಳದೆ ವಿದ್ಯುತ್ ನಿಲ್ಲಿಸಿದಾಗ ಅದು ಮರೆಯಾಗುತ್ತಿತ್ತು, ಸುಳ್ಳುಸುಳ್ಳೇ ಹಾಕಿದೆವೆಂದಾಗ ಬರುತ್ತಿರಲಿಲ್ಲ. ಗಮನಿಸಬೇಕಾದದ್ದು, ಯಾರೂ ಖುಷಿಯಾಯಿತು ಎನ್ನಲಿಲ್ಲ. ಸಂತೋಷ ತುಂಬಿದ ಅನುಭವ ಅದಲ್ಲ, ಹೊತ್ತ ಭಾರ ಇಳಿಸಿದ ಅನುಭವ. ಆರು ತಿಂಗಳ ಕೊನೆಗೆ ಆರರಲ್ಲಿ ನಾಲ್ವರು ಗಣನೀಯವಾಗಿ ಚೇತರಿಸಿಕೊಂಡಿದ್ದರು. ಅವರ ಪೆಟ್ ಚಿತ್ರಗಳಲ್ಲಿ 25 ಇಳಿದಿತ್ತು, ಮುಂಭಾಗ ಏರಿತ್ತು. 2005ರ ಮಾರ್ಚ್‌ನಲ್ಲಿ ‘ನ್ಯೂರಾನ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಜಗತ್ತು ಬೆರಗಾಯಿತು. ಖಿನ್ನತೆಯ ಸ್ವಿಚ್ ಸಿಕ್ಕಿತು ಎಂಬ ಧಾಟಿಯ ವರದಿಗಳು ಬಂದವು.

ಸ್ವಿಚ್ ಆಗಿದ್ದರೆ ಕತೆ ಇಲ್ಲಿಗೆ ಮುಗಿಯಬೇಕಿತ್ತು.

ಸೇಂಟ್ ಜೂಡ್ ಮೆಡಿಕಲ್ ಎಂಬ ಕಂಪನಿ 2008ರಲ್ಲಿ ದೊಡ್ಡ ಪರೀಕ್ಷೆ ಆರಂಭಿಸಿತು. ಎಲ್ಲರಿಗೂ ಎಲೆಕ್ಟ್ರೋಡ್ ಇಡುವುದು, ಮೂರರಲ್ಲಿ ಇಬ್ಬರಿಗೆ ವಿದ್ಯುತ್ ಹರಿಸುವುದು, ಒಬ್ಬರಿಗೆ ಹರಿಸದಿರುವುದು, ಯಾರಿಗೆ ಹರಿದಿದೆ ಎಂದು ರೋಗಿಗೂ ಗೊತ್ತಿರಬಾರದು, ಅಳೆಯುವ ವೈದ್ಯರಿಗೂ ಗೊತ್ತಿರಬಾರದು. 90 ಮಂದಿ ಆದ ಮೇಲೆ ಲೆಕ್ಕ ಹಾಕಿ ನೋಡಿದರೆ ಮುಂದುವರಿಸಿ ಪ್ರಯೋಜನವಿಲ್ಲ ಎಂದು ಕಂಡು ನಿಲ್ಲಿಸಿದರು. 2017ರಲ್ಲಿ ಪೂರ್ಣ ಫಲಿತಾಂಶ ಹೊರಬಂತು. ಆರು ತಿಂಗಳಲ್ಲಿ ವಿದ್ಯುತ್ ಪಡೆದ 60 ಜನರಲ್ಲಿ ಸುಧಾರಿಸಿದವರು 12. ಪಡೆಯದ 30 ಜನರಲ್ಲಿ 5. ಶೇ. 20ಕ್ಕೂ 17ಕ್ಕೂ ಏನು ವ್ಯತ್ಯಾಸ? ತಲೆಬುರುಡೆ ಕೊರೆಸಿಕೊಂಡವರಿಗೆ ಇದನ್ನು ಹೇಳುವುದು ಹೇಗೆ?

ಅದೇ ಅಧ್ಯಯನದ ಇನ್ನೊಂದು ತುದಿ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಆರು ತಿಂಗಳ ನಂತರ ಎಲ್ಲರಿಗೂ ವಿದ್ಯುತ್ ಹರಿಸಿದ್ದರು. ಎರಡು ವರ್ಷಕ್ಕೆ ಸುಮಾರು ಅರ್ಧದಷ್ಟು ಜನ ಸುಧಾರಿಸಿದ್ದರು, ನಾಲ್ಕರಲ್ಲಿ ಒಬ್ಬರು ಪೂರ್ತಿ ಗುಣಮುಖರಾಗಿದ್ದರು. ಹತ್ತಾರು ವರ್ಷ ಯಾವುದಕ್ಕೂ ಬಗ್ಗದ ಖಿನ್ನತೆ ತನ್ನಷ್ಟಕ್ಕೆ ಹೀಗೆ ಇಳಿಯುವುದು ಅಪರೂಪ. ಪರೀಕ್ಷೆ ನಿಂತ ಹೊತ್ತಿಗೆ ಮೇಬರ್ಗ್ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿದ್ದರು. ಚಿಕಿತ್ಸೆಯೇ ಸುಳ್ಳೋ, ಕೊಟ್ಟ ಜಾಗ ತಪ್ಪೋ ಎಂದು ಅವರ ತಂಡ ಹಳೆಯ ರೋಗಿಗಳ ಚಿತ್ರಗಳನ್ನು ಮತ್ತೆ ತೆರೆಯಿತು.

25 ಎಂದರೆ ಒಂದು ಚುಕ್ಕೆ ಎಂದು ಎಲ್ಲರೂ ಎಣಿಸಿದ್ದರು. ಅದರ ಮೇಲೆ ಗುರಿಯಿಟ್ಟು ತಂತಿ ಇಳಿಸಿದ್ದರು. ಆದರೆ ಅರಸೀಕೆರೆಯಲ್ಲಿ ರೈಲು ನಿಂತರೆ ತೊಂದರೆ ಅರಸೀಕೆರೆಗಲ್ಲ, ಹುಬ್ಬಳ್ಳಿಗೆ, ಮೈಸೂರಿಗೆ, ಬೆಂಗಳೂರಿಗೆ. ಆ ಊರಿನ ಮಹತ್ವ ಅದರೊಳಗಿಲ್ಲ, ಅಲ್ಲಿ ಕೂಡುವ ಹಳಿಗಳಲ್ಲಿದೆ. ಪೆಟ್ ಚಿತ್ರ ತೋರಿಸಿದ್ದು ನಿಲ್ದಾಣವನ್ನು ಮಾತ್ರ. ಹಳಿಗಳನ್ನು ತೋರಿಸಲು ಬೇರೆ ವಿಧಾನ ಬೇಕಿತ್ತು. ಎಂಆರ್‌ಐಯಲ್ಲಿ ನೀರಿನ ಅಣುಗಳು ನರತಂತುಗಳ ಉದ್ದಕ್ಕೆ ಹೇಗೆ ಸರಿಯುತ್ತವೆ ಎಂದು ಅಳೆದು, ಆ ತಂತುಗಳ ದಾರಿಯನ್ನು ಪ್ರತಿ ರೋಗಿಗೂ ಬಿಡಿಸುವ ಟ್ರ್ಯಾಕ್ಟೋಗ್ರಫಿ ಅಷ್ಟರಲ್ಲಿ ಪಕ್ವವಾಗಿತ್ತು. ಪ್ಯಾಟ್ರಿಸಿಯೊ ರೀವಾ-ಪೊಸ್ಸೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದು ಇಷ್ಟು: ಗುಣವಾದವರೆಲ್ಲರಲ್ಲೂ ವಿದ್ಯುತ್ ತಾಗುತ್ತಿದ್ದದ್ದು ನಾಲ್ಕು ತಂತುಗಟ್ಟುಗಳು ಸೇರುವ ಜಾಗಕ್ಕೆ. ಒಂದು ಎಡಬಲ ಮುಂಭಾಗಗಳನ್ನು ಕೂಡಿಸುತ್ತದೆ, ಇನ್ನೊಂದು ಕಿವಿಯ ಬಳಿಯ ಭಾಗಕ್ಕೆ ಬಾಗುತ್ತದೆ, ಮತ್ತೊಂದು ಸಿಂಗ್ಯುಲೇಟ್ ಉದ್ದಕ್ಕೆ ಹಿಂದೆ ಸರಿಯುತ್ತದೆ, ನಾಲ್ಕನೆಯದು ಆಳದ ಕೇಂದ್ರಗಳಿಗೆ ಇಳಿಯುತ್ತದೆ. ಗುಣವಾಗದವರಲ್ಲಿ ನಾಲ್ಕರಲ್ಲಿ ಯಾವುದೋ ತಪ್ಪಿಹೋಗಿತ್ತು.

ಈ ನಾಲ್ಕು ದಾರಿಗಳು ಕೂಡುವ ಜಾಗ ಒಬ್ಬೊಬ್ಬರಲ್ಲಿ ಒಂದೊಂದು ಕಡೆ, ಮಿಲಿಮೀಟರುಗಳ ಅಂತರದಲ್ಲಿ ಇರುತ್ತದೆ. ಸೇಂಟ್ ಜೂಡ್ ಪರೀಕ್ಷೆಯಲ್ಲಿ ಜಾಗ ಗುರುತಿಸಿದ್ದು ಅಂಗರಚನೆಯ ಗುರುತುಗಳಿಂದ, ತಂತುಗಳಿಂದಲ್ಲ. ಹೊಸ ವಿಧಾನದಲ್ಲಿ ಮೊದಲೇ ತಂತುಗಳ ನಕ್ಷೆ ಬಿಡಿಸಿ, ಕೂಡುಬಿಂದು ನೋಡಿ, ನಂತರ ಎಲೆಕ್ಟ್ರೋಡ್ ಇಟ್ಟ 11 ರೋಗಿಗಳಲ್ಲಿ ಆರು ತಿಂಗಳಿಗೆ 8 ಮಂದಿ, ಒಂದು ವರ್ಷಕ್ಕೆ 9 ಮಂದಿ ಸುಧಾರಿಸಿದರು. ಬೆರಗಿನ ಸಂಖ್ಯೆಯೇ. ಆದರೆ ಇಲ್ಲಿ ವಿದ್ಯುತ್ ಹರಿಸದ ಹೋಲಿಕೆಯ ಗುಂಪು ಇರಲಿಲ್ಲ ಎಂಬುದನ್ನು ಮರೆಯಬಾರದು. 2005ರಲ್ಲಿ ಆರರಲ್ಲಿ ನಾಲ್ಕು ಎಂದಾಗಲೂ ಹೀಗೆಯೇ ಎಲ್ಲರೂ ತಲೆದೂಗಿದ್ದರು.

25ನೇ ನಂಬರಿಗೆ ಇನ್ನೊಂದು ಉಪಯೋಗ ಸಿಕ್ಕಿತು, ಕೊಯ್ಯದೆಯೇ. ನೆತ್ತಿಯ ಮೇಲೆ ಸುರುಳಿ ಹಿಡಿದು ಕಾಂತಕ್ಷೇತ್ರದ ಮಿಡಿತಗಳಿಂದ ಮಿದುಳನ್ನು ಪ್ರಚೋದಿಸುವ ಟಿಎಂಎಸ್ ವಿಧಾನಕ್ಕೆ ಖಿನ್ನತೆಯ ಚಿಕಿತ್ಸೆಯಾಗಿ ಅಮೆರಿಕದಲ್ಲಿ 2008ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆಗ ಜಾಗ ಹುಡುಕುತ್ತಿದ್ದ ಕ್ರಮ ಕೇಳಿದರೆ ನಗು ಬರುತ್ತದೆ: ಹೆಬ್ಬೆರಳು ಅಲುಗುವ ಬಿಂದು ಹುಡುಕಿ, ಅಲ್ಲಿಂದ ಟೇಪು ಹಿಡಿದು ಐದು ಸೆಂಟಿಮೀಟರ್ ಮುಂದೆ. ತಲೆ ದೊಡ್ಡದಾದರೂ ಐದು, ಚಿಕ್ಕದಾದರೂ ಐದು. ಸುರುಳಿಯ ಶಕ್ತಿ ಹೊರಪದರದಾಚೆ ಹೆಚ್ಚು ಇಳಿಯುವುದಿಲ್ಲ, 25 ಅದಕ್ಕೆ ಸಿಗದು. 2012ರಲ್ಲಿ ಬಾಸ್ಟನ್‌ನ ಮೈಕೆಲ್ ಫಾಕ್ಸ್ ತಂಡ ಫಂಕ್ಷನಲ್ ಎಂಆರ್‌ಐ ಮಾಹಿತಿಯಿಂದ ಒಂದು ವಿಷಯ ಕಂಡಿತು. ಮುಂಭಾಗದ ಮೇಲ್ಮೈಯಲ್ಲಿ ಯಾವ ಬಿಂದು 25ರ ಜೊತೆ ಹೆಚ್ಚು ವಿರುದ್ಧ ದಿಕ್ಕಿನಲ್ಲಿ ಏರಿಳಿಯುತ್ತದೋ, ಅಲ್ಲಿ ಟಿಎಂಎಸ್ ಕೊಟ್ಟರೆ ಫಲ ಹೆಚ್ಚು. 1999ರ ಆ ದುಃಖದ ಪ್ರಯೋಗದಲ್ಲಿ ಕಂಡ ಏರಿಳಿತವೇ ಇಲ್ಲಿ ದಾರಿ ತೋರಿಸುವ ಗುರುತಾಯಿತು.

ಸ್ಟ್ಯಾನ್‌ಫರ್ಡ್‌ನ ನೋಲನ್ ವಿಲಿಯಮ್ಸ್ ತಂಡ ಇದನ್ನು ಪ್ರತಿ ರೋಗಿಯ ಸ್ವಂತ ಎಂಆರ್‌ಐ ಮೇಲೆ ಗುರುತಿಸಿ, ದಿನಕ್ಕೆ ಹತ್ತು ಬಾರಿ, ಐದು ದಿನ ಟಿಎಂಎಸ್ ಕೊಟ್ಟಿತು. ಸುರುಳಿ ಹಿಡಿದಂತೆ ನಟಿಸಿದ ಗುಂಪಿನೊಡನೆ ಹೋಲಿಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಿಜ ಚಿಕಿತ್ಸೆ ಪಡೆದವರಲ್ಲಿ ಶೇ. 79 ಮಂದಿ ಗುಣಮುಖರಾದರು, ನಟನೆಯ ಗುಂಪಿನಲ್ಲಿ ಶೇ. 13. ಇದ್ದದ್ದು ಒಟ್ಟು 29 ಮಂದಿ. ಅದೇ ವರ್ಷ ಅಮೆರಿಕದ ಎಫ್‌ಡಿಎ ಅನುಮತಿ ನೀಡಿತು. ಇಲ್ಲಿ ಗೆದ್ದದ್ದು ಚಿತ್ರದ ನಿಖರತೆಯೋ, ಒಂದೇ ವಾರದಲ್ಲಿ ತುಂಬಿಸಿದ ಮಿಡಿತಗಳ ರಾಶಿಯೋ ಎಂಬುದನ್ನು ಈ ಪರೀಕ್ಷೆಯಿಂದ ಬಿಡಿಸಿ ಹೇಳಲಾಗದು.

2023ರಲ್ಲಿ ಮೇಬರ್ಗ್, ಈಗ ನ್ಯೂಯಾರ್ಕ್‌ನ ಮೌಂಟ್ ಸೈನಾಯ್‌ನಲ್ಲಿ, ಜಾರ್ಜಿಯಾ ಟೆಕ್‌ನ ಎಂಜಿನಿಯರ್ ಕ್ರಿಸ್ಟೊಫರ್ ರೊಝೆಲ್ ಮೊದಲಾದವರ ಜೊತೆ ‘ನೇಚರ್’ನಲ್ಲಿ ಮತ್ತೊಂದು ಹೆಜ್ಜೆಯನ್ನು ವರದಿ ಮಾಡಿದರು. 10 ರೋಗಿಗಳಿಗೆ ಇಟ್ಟ ಎಲೆಕ್ಟ್ರೋಡುಗಳು ವಿದ್ಯುತ್ ಕೊಡುವುದರ ಜೊತೆಗೆ ಅಲ್ಲಿನ ನರಕೋಶಗಳ ವಿದ್ಯುತ್ತನ್ನು ಓದಬಲ್ಲವೂ ಆಗಿದ್ದವು. ಆರು ತಿಂಗಳಿಗೆ 9 ಮಂದಿ ಸುಧಾರಿಸಿದ್ದರು. ಆ ಮಿಡಿತಗಳಲ್ಲಿ ಚೇತರಿಕೆಯ ಗುರುತನ್ನು ಕಂಪ್ಯೂಟರ್ ಪತ್ತೆಹಚ್ಚಿತು. ಒಬ್ಬ ರೋಗಿಯಲ್ಲಿ ಖಿನ್ನತೆ ಮರುಕಳಿಸುವುದಕ್ಕೆ ವಾರಗಳ ಮೊದಲೇ ಗುರುತು ಕೆಟ್ಟಿತ್ತು, ಮನೋವೈದ್ಯರ ಪ್ರಶ್ನಾವಳಿಯಲ್ಲಿ ಆಗ ಏನೂ ಕಂಡಿರಲಿಲ್ಲ. ಹೊರಗಿನಿಂದ ತೆಗೆದ ಚಿತ್ರದಲ್ಲಿ ಶುರುವಾದ ಹುಡುಕಾಟ ಹೀಗೆ ಒಳಗಿನಿಂದ ಬರುವ ಸದ್ದಿಗೆ ಬಂದು ನಿಂತಿದೆ. ಖಿನ್ನತೆಗೆ ಡಿಬಿಎಸ್‌ಗೆ ಅಮೆರಿಕದಲ್ಲಿ ಇನ್ನೂ ಸಾಮಾನ್ಯ ಬಳಕೆಯ ಒಪ್ಪಿಗೆ ಇಲ್ಲ. ಸೇಂಟ್ ಜೂಡ್ ಅನ್ನು ಕೊಂಡ ಅಬ್ಬಾಟ್ ಕಂಪನಿ 2024ರಲ್ಲಿ ಹೊಸ ಪರೀಕ್ಷೆಯನ್ನು ಘೋಷಿಸಿದೆ. ಹೋಲಿಕೆಯ ಗುಂಪಿಟ್ಟು ಮಾಡಿದ ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಇದನ್ನು ಚಿಕಿತ್ಸೆ ಎಂದು ಕರೆಯಲು ನಾನು ಸಿದ್ಧನಿಲ್ಲ, ಭರವಸೆಯ ಪ್ರಯೋಗ ಎನ್ನುತ್ತೇನೆ.

ಓದುಗರಿಗೆ ಒಂದು ಮಾತು. ಮೇಲೆ ಹೇಳಿದ ಪೆಟ್ ಅಧ್ಯಯನಗಳೆಲ್ಲ ಗುಂಪಿನ ಸರಾಸರಿಗಳು. ನಿಮ್ಮದೋ ನಿಮ್ಮ ಮನೆಯವರದೋ ತಲೆಯ ಒಂದು ಸ್ಕ್ಯಾನ್ ತೆಗೆದು, ಇದು ಖಿನ್ನತೆ, ಇದಕ್ಕೆ ಈ ಮಾತ್ರೆ ಎಂದು ಹೇಳುವ ಪರೀಕ್ಷೆ ಇಂದು ಯಾವ ಆಸ್ಪತ್ರೆಯ ದಿನಬಳಕೆಯಲ್ಲೂ ಇಲ್ಲ. ಮನೋವೈದ್ಯರು ಕೆಲವೊಮ್ಮೆ ಎಂಆರ್‌ಐ ಬರೆಯುವುದು ಗೆಡ್ಡೆ, ಪಾರ್ಶ್ವವಾಯು ಮುಂತಾದ ಬೇರೆ ಕಾರಣಗಳಿಲ್ಲವೆಂದು ಖಚಿತ ಮಾಡಿಕೊಳ್ಳಲು. ಬಣ್ಣದ ಮಿದುಳು ತೋರಿಸಿ ಹಣ ಕೇಳುವವರು ಎದುರಾದರೆ ಎದ್ದು ಬನ್ನಿ. ಹೆಚ್ಚಿನವರ ಖಿನ್ನತೆ ಮಾತ್ರೆ ಮತ್ತು ಆಪ್ತಸಮಾಲೋಚನೆಯಿಂದ ಇಳಿಯುತ್ತದೆ. ಅದಕ್ಕೆ ಮೊದಲು ಬೇಕಾದದ್ದು ಯಾರೊಡನಾದರೂ ಹೇಳಿಕೊಳ್ಳುವುದು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.